ಹುಟ್ಟುವ ನಕ್ಷತ್ರದ ಸುಳಿವು ಕೊಡುವ ಅಣುಗಳು

ಮಧ್ಯಾಹ್ನದ ಹೊತ್ತು. ನೀವು ತರಗತಿಯಲ್ಲಿ ಕುಳಿತಿದ್ದೀರಿ. ಬಿಸಿಯೂಟದ ಅಡುಗೆಮನೆ ಶಾಲೆಯ ಇನ್ನೊಂದು ಮೂಲೆಯಲ್ಲಿದೆ. ಅಲ್ಲಿ ಏನು ನಡೆಯುತ್ತಿದೆ ಎಂಬುದು ನಿಮ್ಮ ಕಣ್ಣಿಗೆ ಕಾಣುವುದಿಲ್ಲ. ಆದರೂ ನಿಮಗೆ ಗೊತ್ತಾಗುತ್ತದೆ. ಮೊದಲು ಬೇಳೆ ಬೇಯುವ ವಾಸನೆ. ಸ್ವಲ್ಪ ಹೊತ್ತಿಗೆ ಸಾಂಬಾರು ಪುಡಿಯ ವಾಸನೆ. ಕೊನೆಗೆ ಸಾಸಿವೆ, ಕರಿಬೇವಿನ ಒಗ್ಗರಣೆಯ ಘಮ. ಒಗ್ಗರಣೆಯ ಘಮ ಮೂಗಿಗೆ ಬಡಿಯಿತು ಎಂದರೆ ಊಟದ ಗಂಟೆ ಹತ್ತಿರವಾಯಿತು ಎಂದೇ ಅರ್ಥ. ಅಲ್ಲವೆ?

ಅಡುಗೆಮನೆಯ ಒಳಗೆ ಹೋಗದೆಯೇ ಅಡುಗೆ ಯಾವ ಹಂತದಲ್ಲಿದೆ ಎಂದು ನೀವು ಹೇಳಬಲ್ಲಿರಿ. ಖಗೋಳ ವಿಜ್ಞಾನಿಗಳೂ ಇಂಥದೇ ಒಂದು ಕೆಲಸ ಮಾಡುತ್ತಾರೆ. ಆಕಾಶದಲ್ಲಿ ಕೆಲವು ಕಪ್ಪು ಮೋಡಗಳಿವೆ. ಅವುಗಳ ಒಳಗೆ ದೊಡ್ಡ ದೊಡ್ಡ ನಕ್ಷತ್ರಗಳು ಹುಟ್ಟುತ್ತವೆ. ಆ ಜನನವನ್ನು ಯಾವ ಕಣ್ಣೂ ನೋಡಲಾರದು. ಮೋಡದೊಳಗಿನ ಅಣುಗಳು ಮಾತ್ರ ಸುಳಿವು ಕೊಡುತ್ತವೆ. ಆ ಸುಳಿವುಗಳನ್ನು ಓದುವುದು ಹೇಗೆ? ನೋಡೋಣ ಬನ್ನಿ.

ದೊಡ್ಡ ನಕ್ಷತ್ರ ಎಂದರೆ ಎಷ್ಟು ದೊಡ್ಡದು?

ನಮ್ಮ ಸೂರ್ಯನೂ ಒಂದು ನಕ್ಷತ್ರ. ಆದರೆ ಅದು ಸಾಧಾರಣ ನಕ್ಷತ್ರ. ಸೂರ್ಯನಿಗಿಂತ ಸುಮಾರು 8 ಪಟ್ಟು ಅಥವಾ ಅದಕ್ಕೂ ಹೆಚ್ಚು ದ್ರವ್ಯ ಇರುವ ನಕ್ಷತ್ರಗಳನ್ನು ವಿಜ್ಞಾನಿಗಳು ಭಾರಿ ನಕ್ಷತ್ರ ಎನ್ನುತ್ತಾರೆ. ಇಂಥವು ಬಹಳ ಅಪರೂಪ.

ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿ ಆರಿದ್ರ ಮಳೆಯ ಬಗ್ಗೆ ಮಾತನಾಡುವುದನ್ನು ಕೇಳಿರಬಹುದು. ಆ ಮಳೆಗೆ ಹೆಸರು ಕೊಟ್ಟ ಆರ್ದ್ರಾ ನಕ್ಷತ್ರ ಒಂದು ಭಾರಿ ನಕ್ಷತ್ರ. ಡಿಸೆಂಬರ್, ಜನವರಿ ತಿಂಗಳ ರಾತ್ರಿ ಅದು ಕೆಂಪಾಗಿ ಹೊಳೆಯುವುದನ್ನು ನಮ್ಮ ಊರುಗಳಿಂದಲೇ ನೋಡಬಹುದು.

ಭಾರಿ ನಕ್ಷತ್ರದ ಬಳಿ ಉರಿಯಲು ಬೇಕಾದ ಜಲಜನಕ ಹೆಚ್ಚು ಇರುತ್ತದೆ. ಹಾಗಾದರೆ ಅದು ಹೆಚ್ಚು ಕಾಲ ಬದುಕಬೇಕಲ್ಲವೆ? ಇಲ್ಲ! ಅದು ಖರ್ಚನ್ನೂ ವಿಪರೀತ ಮಾಡುತ್ತದೆ. ಸೂರ್ಯನ ಆಯಸ್ಸು ಸುಮಾರು 1,000 ಕೋಟಿ ವರ್ಷ. ಭಾರಿ ನಕ್ಷತ್ರಗಳ ಆಯಸ್ಸು ಕೆಲವು ದಶಲಕ್ಷ ವರ್ಷಗಳಿಂದ ಕೆಲವು ಕೋಟಿ ವರ್ಷಗಳು ಮಾತ್ರ. ಆರ್ದ್ರಾ ಹುಟ್ಟಿ ಸುಮಾರು ಒಂದು ಕೋಟಿ ವರ್ಷ ಆಗಿದೆಯಷ್ಟೆ. ಆಗಲೇ ಅದು ಮುದಿಯಾಗಿದೆ. ಡೈನೊಸಾರ್‌ಗಳು ಭೂಮಿಯಿಂದ ಮರೆಯಾದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅಂದರೆ ಡೈನೊಸಾರ್‌ಗಳು ತಲೆ ಎತ್ತಿ ನೋಡಿದ್ದರೆ ಆರ್ದ್ರಾ ಕಾಣುತ್ತಲೇ ಇರಲಿಲ್ಲ!

ಇಂಥ ನಕ್ಷತ್ರಗಳ ಹುಟ್ಟನ್ನು ತಿಳಿದು ನಮಗೇನಾಗಬೇಕು ಎಂದು ಕೇಳುತ್ತೀರಾ? ಈಗ ಒಂದು ಸಲ ಉಸಿರು ಎಳೆದುಕೊಳ್ಳಿ. ಒಳಗೆ ಹೋದ ಗಾಳಿಯಲ್ಲಿ ಆಮ್ಲಜನಕ ಇದೆ. ವಿಶ್ವ ಆರಂಭವಾದಾಗ ಆಮ್ಲಜನಕ ಇರಲಿಲ್ಲ. ಅದರ ಬಹುಪಾಲು ತಯಾರಾದದ್ದು ಭಾರಿ ನಕ್ಷತ್ರಗಳ ಒಡಲಿನಲ್ಲಿ. ಆ ನಕ್ಷತ್ರಗಳು ಕೊನೆಗೆ ಸಿಡಿದಾಗ ಅದು ಆಕಾಶದಲ್ಲಿ ಹರಡಿತು. ಮುಂದೆ ಹುಟ್ಟಿದ ಸೂರ್ಯ, ಭೂಮಿಗಳಲ್ಲಿ ಸೇರಿಕೊಂಡಿತು. ಭಾರಿ ನಕ್ಷತ್ರಗಳು ಹುಟ್ಟದೇ ಹೋಗಿದ್ದರೆ ನೀವೂ ಇಲ್ಲ, ನಾನೂ ಇಲ್ಲ.

ಕಣ್ಣಿಗೆ ಕಾಣದ ತೊಟ್ಟಿಲು

ನಕ್ಷತ್ರಗಳ ನಡುವಿನ ಜಾಗ ಪೂರ್ತಿ ಖಾಲಿ ಅಲ್ಲ. ಅಲ್ಲಲ್ಲಿ ಅನಿಲದ ದೊಡ್ಡ ಮೋಡಗಳಿವೆ. ಅವುಗಳಲ್ಲಿ ಬಹುಪಾಲು ಜಲಜನಕ. ಜೊತೆಗೆ ಹೊಗೆಯ ಕಣಗಳಷ್ಟು ಸಣ್ಣದಾದ ದೂಳು. ನೂರು ಪಾಲು ದ್ರವ್ಯದಲ್ಲಿ ದೂಳು ಸುಮಾರು ಒಂದು ಪಾಲು.

ಈ ಮೋಡಗಳು ನಮ್ಮ ಮಳೆ ಮೋಡಗಳಂತೆ ದಟ್ಟವಾಗಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಒಂದು ಘನ ಸೆಂಟಿಮೀಟರಿಗೆ ಸುಮಾರು ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳಿರುತ್ತವೆ. ನಕ್ಷತ್ರ ಹುಟ್ಟುವ ಮೋಡದ ದಟ್ಟ ಭಾಗದಲ್ಲಿ ಅಷ್ಟೇ ಜಾಗದಲ್ಲಿ ಕೆಲವು ಲಕ್ಷ ಅಣುಗಳು ಸಿಕ್ಕರೆ ಹೆಚ್ಚು. ಆದರೆ ಆ ಮೋಡಗಳ ಗಾತ್ರ ಅಗಾಧ. ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಲು ಹಲವು ವರ್ಷ ಬೇಕು. ಅಷ್ಟು ದೂರದಲ್ಲಿ ಹರಡಿದ ದೂಳು ಒಟ್ಟು ಸೇರಿ ಬೆಳಕಿಗೆ ತೆರೆ ಕಟ್ಟುತ್ತದೆ. ಹಿಂದಿನ ನಕ್ಷತ್ರಗಳೂ ಕಾಣುವುದಿಲ್ಲ, ಒಳಗೆ ಹುಟ್ಟುತ್ತಿರುವ ನಕ್ಷತ್ರವೂ ಕಾಣುವುದಿಲ್ಲ.

ಚಿಕ್ಕ ನಕ್ಷತ್ರಗಳು ನಿಧಾನವಾಗಿ ಬೆಳೆಯುತ್ತವೆ. ಭಾರಿ ನಕ್ಷತ್ರಕ್ಕೆ ಬಹಳ ಅವಸರ. ಕೆಲವು ಲಕ್ಷ ವರ್ಷಗಳಲ್ಲೇ ಬೆಳೆದುಬಿಡುತ್ತದೆ. ಇನ್ನೂ ಮೋಡದ ಹೊದಿಕೆಯೊಳಗೆ ಇರುವಾಗಲೇ ಉರಿಯಲು ತೊಡಗುತ್ತದೆ. ಅದರ ಹುಟ್ಟು, ಬಾಲ್ಯ ಎಲ್ಲವೂ ಕತ್ತಲೆಯ ಮರೆಯಲ್ಲೇ ಮುಗಿಯುತ್ತದೆ. ಭಾರಿ ನಕ್ಷತ್ರಗಳು ಹುಟ್ಟುವ ಸ್ಥಳಗಳೂ ನಮ್ಮಿಂದ ಬಹಳ ದೂರ. ಹತ್ತಿರದ್ದೇ ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿದೆ. ಅದು ಮಹಾವ್ಯಾಧ ನಕ್ಷತ್ರಪುಂಜದಲ್ಲಿದೆ.

1990ರ ದಶಕದಲ್ಲಿ ಅವಕೆಂಪು ಕಿರಣಗಳಲ್ಲಿ ಆಕಾಶವನ್ನು ನೋಡುವ ಉಪಗ್ರಹಗಳು ಹಾರಿದವು. ಅವಕೆಂಪು ಎಂದರೆ ನಮ್ಮ ಕಣ್ಣಿಗೆ ಕಾಣದ, ಶಾಖವಾಗಿ ಮೈಗೆ ತಾಗುವ ಕಿರಣ. ಅವಕೆಂಪಿನಲ್ಲಿ ನಮ್ಮ ಆಕಾಶಗಂಗೆಯ ಉದ್ದಕ್ಕೂ ಹೊಳಪು ಕಂಡಿತು. ಆ ಹೊಳಪಿನ ನಡುವೆ ಅಲ್ಲಲ್ಲಿ ಕಪ್ಪು ಕಲೆಗಳು ಕಂಡವು. ಅವಕೆಂಪು ಕಿರಣವೂ ತೂರಲಾರದಷ್ಟು ದಟ್ಟವಾದ ಮೋಡಗಳು ಅವು. ಭಾರಿ ನಕ್ಷತ್ರಗಳ ಮೊದಲ ತೊಟ್ಟಿಲು ಇಂಥ ಮೋಡಗಳಲ್ಲಿರಬೇಕು ಎಂದು ವಿಜ್ಞಾನಿಗಳು ತಿಳಿದರು. ಆದರೆ ಒಳಗೆ ಇಣುಕುವುದು ಹೇಗೆ?

ಅಣುಗಳ ಆಕಾಶವಾಣಿ

ಇಲ್ಲಿ ಒಂದು ಮಾತು ನೆನಪಿಡಿ. ಅಡುಗೆಮನೆಯ ವಾಸನೆ ಗಾಳಿಯಲ್ಲಿ ತೇಲಿ ನಿಮ್ಮ ಮೂಗಿಗೆ ಬರುತ್ತದೆ. ಮೋಡದ ಅಣುಗಳು ಹಾಗೆ ನಮ್ಮ ಬಳಿಗೆ ಬರುವುದಿಲ್ಲ. ಅವು ಕಳಿಸುವ ರೇಡಿಯೊ ತರಂಗಗಳು ಮಾತ್ರ ಬರುತ್ತವೆ. ರೇಡಿಯೊ ತರಂಗಗಳಿಗೆ ದೂಳಿನ ತೆರೆ ಹೆಚ್ಚು ಅಡ್ಡಿ ಮಾಡುವುದಿಲ್ಲ. ಅವು ಅದನ್ನು ದಾಟಿ ಹೊರಗೆ ಬರುತ್ತವೆ.

ಅಣುಗಳು ರೇಡಿಯೊ ತರಂಗಗಳನ್ನು ಏಕೆ ಕಳಿಸುತ್ತವೆ? ಎರಡು ಅಥವಾ ಹೆಚ್ಚು ಪರಮಾಣುಗಳು ಸೇರಿ ಅಣು ಆಗುತ್ತದೆ. ಅಣು ಬುಗುರಿಯ ಹಾಗೆ ತಿರುಗುತ್ತದೆ. ಆದರೆ ನಿಮ್ಮ ಬುಗುರಿಗೂ ಅದಕ್ಕೂ ಒಂದು ವ್ಯತ್ಯಾಸವಿದೆ. ಬುಗುರಿ ಯಾವ ವೇಗದಲ್ಲಾದರೂ ತಿರುಗಬಹುದು. ಅಣು ಕೆಲವು ಗೊತ್ತಾದ ವೇಗಗಳಲ್ಲಿ ಮಾತ್ರ ತಿರುಗುತ್ತದೆ. ಮೆಟ್ಟಿಲುಗಳಿದ್ದಂತೆ. ಒಂದು ಮೆಟ್ಟಿಲು ಕೆಳಗೆ ಇಳಿದಾಗ, ಉಳಿದ ಶಕ್ತಿಯನ್ನು ಒಂದು ತರಂಗವಾಗಿ ಹೊರಗೆ ಬಿಡುತ್ತದೆ.

ಬೆಂಗಳೂರಿನ ವಿವಿಧಭಾರತಿ ಕೇಳಬೇಕಾದರೆ ರೇಡಿಯೊವನ್ನು 102.9 ಮೆಗಾಹರ್ಟ್ಸ್‌ಗೆ ತಿರುಗಿಸಬೇಕು. ಬೇರೆ ಕೇಂದ್ರಕ್ಕೆ ಬೇರೆ ಅಂಕಿ. ಅಣುಗಳೂ ಹಾಗೆಯೇ. ಕಾರ್ಬನ್ ಮಾನಾಕ್ಸೈಡ್ ಅಣುವಿನ ಒಂದು ಮುಖ್ಯ ಅಂಕಿ 1,15,271 ಮೆಗಾಹರ್ಟ್ಸ್. ಅಮೋನಿಯ ಅಣುವಿನದು 23,694 ಮೆಗಾಹರ್ಟ್ಸ್. ಒಂದು ಅಣುವಿಗೆ ಇಂಥ ಹಲವು ಅಂಕಿಗಳಿರಬಹುದು. ಅವೆಲ್ಲ ಸೇರಿ ಆ ಅಣುವಿನ ಗುರುತು. ಪ್ರಯೋಗಶಾಲೆಯಲ್ಲಿ ಈ ಅಂಕಿಗಳನ್ನು ಅಳೆದು ಪಟ್ಟಿ ಮಾಡಿಟ್ಟಿದ್ದಾರೆ. ಆಕಾಶದಿಂದ ಬಂದ ತರಂಗವನ್ನು ಪಟ್ಟಿಯೊಂದಿಗೆ ಹೋಲಿಸಿದರೆ ಕಳಿಸಿದ ಅಣು ಯಾವುದೆಂದು ತಿಳಿಯುತ್ತದೆ.

ಮೋಡದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವುದು ಜಲಜನಕದ ಅಣು. ಆದರೆ ಅಷ್ಟು ಚಳಿಯಲ್ಲಿ ಅದು ಮೂಕ! ಅದರ ಎರಡೂ ತುದಿಗಳು ಒಂದೇ ತರಹ ಇರುವುದರಿಂದ ಅದು ಇಂಥ ತರಂಗಗಳನ್ನು ಕಳಿಸುವುದಿಲ್ಲ. ಹತ್ತು ಸಾವಿರ ಜಲಜನಕ ಅಣುಗಳಿಗೆ ಸುಮಾರು ಒಂದು ಕಾರ್ಬನ್ ಮಾನಾಕ್ಸೈಡ್ ಅಣು ಇರುತ್ತದೆ. ಎಲ್ಲರ ಪರವಾಗಿ ಆ ಒಂದು ಮಾತನಾಡುತ್ತದೆ.

ಮೊದಲು ಕೇಳಿಸಿದ್ದು ಯಾರಿಗೆ?

ಆಕಾಶದಲ್ಲಿ ಮೂರು ನಾಲ್ಕು ಪರಮಾಣುಗಳ ಅಣುಗಳು ಉಳಿಯಲಾರವು, ನಕ್ಷತ್ರಗಳ ತೀಕ್ಷ್ಣ ಕಿರಣಗಳು ಅವನ್ನು ಒಡೆದುಹಾಕುತ್ತವೆ ಎಂದು ಹಿಂದೆ ಅನೇಕರು ನಂಬಿದ್ದರು. 1968ರಲ್ಲಿ ಅಮೆರಿಕದ ಚಾರ್ಲ್ಸ್ ಟೌನ್ಸ್ ಮತ್ತು ಅವರ ಸಂಗಡಿಗರು 6 ಮೀಟರ್ ಅಗಲದ ರೇಡಿಯೊ ದೂರದರ್ಶಕವನ್ನು ಧನು ರಾಶಿಯ ಕಡೆಗೆ ತಿರುಗಿಸಿದರು. ನಮ್ಮ ಆಕಾಶಗಂಗೆಯ ಕೇಂದ್ರ ಇರುವುದು ಆ ದಿಕ್ಕಿನಲ್ಲಿ. ಅಲ್ಲಿನ ಒಂದು ದೊಡ್ಡ ಮೋಡದಿಂದ ಅಮೋನಿಯದ ತರಂಗ ಬಂತು. ಅಮೋನಿಯದಲ್ಲಿ ನಾಲ್ಕು ಪರಮಾಣುಗಳಿವೆ. ಹಳೆಯ ನಂಬಿಕೆ ಸುಳ್ಳಾಯಿತು. ಕಿರಣಗಳನ್ನು ತಡೆದು ಅಣುಗಳನ್ನು ಕಾಪಾಡುತ್ತಿದ್ದುದು ಆ ದೂಳಿನ ತೆರೆಯೇ!

1970ರಲ್ಲಿ ರಾಬರ್ಟ್ ವಿಲ್ಸನ್, ಕೀತ್ ಜೆಫರ್ಟ್ಸ್, ಆರ್ನೊ ಪೆಂಜಿಯಸ್ ಎಂಬ ಮೂವರು ಮಹಾವ್ಯಾಧದಲ್ಲಿ ಕಾರ್ಬನ್ ಮಾನಾಕ್ಸೈಡನ್ನು ಗುರುತಿಸಿದರು. ಆಮೇಲೆ ಒಂದರ ಹಿಂದೆ ಒಂದು ಅಣುಗಳು ಸಿಕ್ಕವು. ಇಂದು ಆಕಾಶದಲ್ಲಿ ಗುರುತಿಸಿದ ಅಣುಗಳ ಬಗೆಗಳು 300ಕ್ಕೂ ಹೆಚ್ಚು. ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ 10.4 ಮೀಟರ್ ಅಗಲದ ದೂರದರ್ಶಕ ಕಟ್ಟಿ ಅಣುಗಳ ತರಂಗಗಳನ್ನು ಅಧ್ಯಯನ ಮಾಡಿದ್ದಾರೆ.

ಇನ್ನು ಒಂದೊಂದೇ ಅಣು ಏನು ಹೇಳುತ್ತದೆ ನೋಡೋಣ.

ಅಮೋನಿಯ ಎಂಬ ಉಷ್ಣತಾಮಾಪಕ

ಅಮೋನಿಯದಲ್ಲಿ ಒಂದು ಸಾರಜನಕ, ಮೂರು ಜಲಜನಕ ಪರಮಾಣುಗಳಿವೆ. ಇದರ ಆಕಾರ ಬಿಚ್ಚಿದ ಕೊಡೆಯಂತೆ. ಜೋರು ಗಾಳಿಗೆ ಕೊಡೆ ಮೇಲ್ಮುಖವಾಗಿ ಮಗುಚಿಕೊಳ್ಳುವುದನ್ನು ನೀವು ಕಂಡಿದ್ದೀರಿ. ಅಮೋನಿಯ ಅಣುವೂ ಒಳಗೆ ಹೊರಗೆ ಮಗುಚುತ್ತಲೇ ಇರುತ್ತದೆ. ಅದೂ ಸೆಕೆಂಡಿಗೆ ಸುಮಾರು 2,370 ಕೋಟಿ ಸಲ! ಅದರ ತರಂಗ ಹುಟ್ಟುವುದು ಈ ಮಗುಚಾಟದಿಂದ.

ನಿಧಾನವಾಗಿ ತಿರುಗುವ ಅಮೋನಿಯ 23,694 ಮೆಗಾಹರ್ಟ್ಸ್‌ನಲ್ಲಿ ತರಂಗ ಕಳಿಸುತ್ತದೆ. ಅದಕ್ಕಿಂತ ಜೋರಾಗಿ ತಿರುಗುವುದು 23,722ರಲ್ಲಿ. ಇನ್ನೂ ಜೋರಾಗಿ ತಿರುಗುವುದು 23,870ರಲ್ಲಿ. ಮೋಡ ತಣ್ಣಗಿದ್ದರೆ ಹೆಚ್ಚಿನವು ನಿಧಾನದ ಗುಂಪಿನಲ್ಲಿರುತ್ತವೆ. ಬಿಸಿಯಾದಂತೆ ಜೋರಿನ ಗುಂಪಿಗೆ ಅಣುಗಳು ಸೇರುತ್ತವೆ. ಯಾವ ಅಂಕಿಯ ತರಂಗ ಎಷ್ಟು ಪ್ರಬಲ ಎಂದು ಹೋಲಿಸಿದರೆ ಮೋಡದ ಉಷ್ಣತೆ ತಿಳಿಯುತ್ತದೆ. ಸಾವಿರಾರು ಜ್ಯೋತಿರ್ವರ್ಷ ದೂರದ ಮೋಡಕ್ಕೆ ಜ್ವರ ನೋಡಿದ ಹಾಗೆ!

ನಕ್ಷತ್ರ ಹುಟ್ಟುವ ಮುಂಚೆ ಕಪ್ಪು ಮೋಡದ ಉಷ್ಣತೆ ಎಷ್ಟಿರುತ್ತದೆ ಗೊತ್ತೆ? ಶೂನ್ಯಕ್ಕಿಂತ ಕೆಳಗೆ 250ರಿಂದ 260 ಡಿಗ್ರಿ ಸೆಲ್ಸಿಯಸ್. ಪ್ರಕೃತಿಯಲ್ಲಿ ಸಾಧ್ಯವಿರುವ ಅತಿ ಕಡಿಮೆ ಉಷ್ಣತೆ ಶೂನ್ಯಕ್ಕಿಂತ 273 ಡಿಗ್ರಿ ಕೆಳಗೆ. ಅದರ ಹತ್ತಿರದಲ್ಲೇ ಈ ಮೋಡ ಇದೆ.

ಗೈರುಹಾಜರಿಯೂ ಒಂದು ಸುಳಿವು

ಅಷ್ಟು ಚಳಿಯಲ್ಲಿ ಏನಾಗುತ್ತದೆ? ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗುತ್ತದಲ್ಲ, ಹಾಗೆಯೇ ಕಾರ್ಬನ್ ಮಾನಾಕ್ಸೈಡ್ ಅನಿಲವೂ ಹಿಮವಾಗಿ ದೂಳಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಹಿಮವಾದ ಅಣು ತಿರುಗಲಾರದು. ತಿರುಗದಿದ್ದರೆ ತರಂಗವಿಲ್ಲ. ಹಾಜರಿ ಕರೆದಾಗ ಕಾರ್ಬನ್ ಮಾನಾಕ್ಸೈಡ್ ಉತ್ತರ ಕೊಡುವುದಿಲ್ಲ!

ಆಗ ಇನ್ನೊಂದು ಅಣುವಿಗೆ ಒಳ್ಳೆಯ ಕಾಲ. ಎರಡು ಸಾರಜನಕ, ಒಂದು ಜಲಜನಕ ಸೇರಿ ಆದದ್ದು ಅದು. ಅದರ ಮೇಲೆ ಧನ ವಿದ್ಯುದಂಶ ಇರುತ್ತದೆ. ನಾವು ಅದನ್ನು ಸುಲಭವಾಗಿ ಎನ್-ಟು-ಎಚ್ ಎನ್ನೋಣ. ಕಾರ್ಬನ್ ಮಾನಾಕ್ಸೈಡ್ ಅನಿಲವಾಗಿ ಓಡಾಡುತ್ತಿದ್ದರೆ ಎನ್-ಟು-ಎಚ್‌ನ ಜಲಜನಕವನ್ನು ಕಿತ್ತುಕೊಂಡು ಅದನ್ನು ಹಾಳು ಮಾಡುತ್ತದೆ. ಕಾರ್ಬನ್ ಮಾನಾಕ್ಸೈಡ್ ಹಿಮವಾಗಿ ಸುಮ್ಮನಾದರೆ ಎನ್-ಟು-ಎಚ್ ನಿರಾತಂಕವಾಗಿ ಹೆಚ್ಚುತ್ತದೆ.

ಆದ್ದರಿಂದ ಮೋಡದ ಒಂದು ಭಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಕಡಿಮೆಯಾಗಿ, ಎನ್-ಟು-ಎಚ್ ಹೆಚ್ಚಾಗಿ ಕಂಡರೆ ವಿಜ್ಞಾನಿಗಳು ಹೀಗೆ ತಿಳಿಯುತ್ತಾರೆ: ಇಲ್ಲಿ ದಟ್ಟವಾಗಿದೆ, ಬಹಳ ತಣ್ಣಗಿದೆ, ನಕ್ಷತ್ರ ಇನ್ನೂ ಉರಿಯಲು ಆರಂಭಿಸಿಲ್ಲ. ಇದು ಬೇಳೆ ಬೇಯಲು ಇಟ್ಟ ಹಂತ ಎನ್ನಿ.

ಇದೇ ಹಂತದಲ್ಲಿ ಇನ್ನೊಂದು ಸುಳಿವೂ ಸಿಗುತ್ತದೆ. ಜಲಜನಕಕ್ಕೆ ಡ್ಯೂಟೀರಿಯಂ ಎಂಬ ಅಣ್ಣ ಇದ್ದಾನೆ. ಗುಣದಲ್ಲಿ ತಮ್ಮನಂತೆಯೇ, ತೂಕದಲ್ಲಿ ಎರಡು ಪಟ್ಟು. ಆಕಾಶದಲ್ಲಿ ಒಂದು ಲಕ್ಷ ಜಲಜನಕಕ್ಕೆ ಒಂದೆರಡು ಡ್ಯೂಟೀರಿಯಂ ಇರುತ್ತವೆ. ಆದರೆ ಕಡು ಚಳಿಯಲ್ಲಿ ಅಣುಗಳೊಳಗೆ ತಮ್ಮನ ಜಾಗದಲ್ಲಿ ಅಣ್ಣ ಬಂದು ಕೂರುವುದು ಹೆಚ್ಚುತ್ತದೆ. ಕೆಲವು ಮೋಡಗಳಲ್ಲಿ ನೂರು ಎನ್-ಟು-ಎಚ್ ಅಣುಗಳಿಗೆ ಹತ್ತಕ್ಕೂ ಹೆಚ್ಚು ಡ್ಯೂಟೀರಿಯಂ ಇರುವ ಅಣುಗಳು ಸಿಕ್ಕಿವೆ. ನಕ್ಷತ್ರ ಹುಟ್ಟಿ ಮೋಡ ಬೆಚ್ಚಗಾದ ಮೇಲೆ ಈ ಪಾಲು ಇಳಿಯುತ್ತದೆ. ಹೀಗಾಗಿ ಮೋಡ ಯಾವ ಹಂತದಲ್ಲಿದೆ ಎಂದು ತಿಳಿಯಲು ಇದೊಂದು ಗಡಿಯಾರ.

ಹಿಮದೊಳಗಿನ ಅಡುಗೆ

ದೂಳಿನ ಕಣಕ್ಕೆ ಅಂಟಿದ ಕಾರ್ಬನ್ ಮಾನಾಕ್ಸೈಡ್ ಸುಮ್ಮನೆ ಕೂತಿರುವುದಿಲ್ಲ. ಅಲೆದಾಡುವ ಜಲಜನಕ ಪರಮಾಣುಗಳು ಬಂದು ಅದಕ್ಕೆ ಸೇರುತ್ತವೆ. ಒಂದು, ಎರಡು, ಮೂರು, ನಾಲ್ಕು. ನಾಲ್ಕು ಸೇರಿದಾಗ ಅದು ಮಿಥೆನಾಲ್ ಎಂಬ ಮದ್ಯಸಾರ ಆಗುತ್ತದೆ. ಪ್ರಯೋಗಶಾಲೆಗಳಲ್ಲಿ, ಕಾರ್ಖಾನೆಗಳಲ್ಲಿ ಬಳಸುವ ವಿಷದ ದ್ರವ ಇದು. ಒಂದೊಂದು ದೂಳಿನ ಕಣವೂ ಒಂದು ಪುಟ್ಟ ಪಾತ್ರೆಯಂತೆ. ಅಡುಗೆ ಲಕ್ಷಾಂತರ ವರ್ಷ ನಡೆಯುತ್ತದೆ. ಆದರೆ ತಯಾರಾದ ಮಿಥೆನಾಲ್‌ನ ಬಹುಪಾಲು ಹಿಮದಲ್ಲೇ ಹುದುಗಿರುತ್ತದೆ. ನಮಗೆ ಅದರ ಸುದ್ದಿ ಸರಿಯಾಗಿ ಬರುವುದಿಲ್ಲ.

ಅಷ್ಟರಲ್ಲಿ ಮೋಡದ ನಡುಭಾಗ ಗುರುತ್ವದಿಂದ ಕುಸಿದು ನಕ್ಷತ್ರದ ಕುಡಿ ಮೂಡುತ್ತದೆ. ಸುತ್ತಲಿನ ಅನಿಲ ಬೆಚ್ಚಗಾಗುತ್ತದೆ. ಉಷ್ಣತೆ ಶೂನ್ಯಕ್ಕಿಂತ ಸುಮಾರು 253 ಡಿಗ್ರಿ ಕೆಳಗಿನ ಮಟ್ಟವನ್ನು ದಾಟಿದಾಗ ಕಾರ್ಬನ್ ಮಾನಾಕ್ಸೈಡ್ ಮತ್ತೆ ಅನಿಲವಾಗುತ್ತದೆ. ಗೈರುಹಾಜರಾದವನು ತರಗತಿಗೆ ಮರಳಿ ಬಂದ! ಆಗ ಎನ್-ಟು-ಎಚ್ ಕಡಿಮೆಯಾಗತೊಡಗುತ್ತದೆ. ಇನ್ನೂ ಬೆಚ್ಚಗಾಗಿ ಶೂನ್ಯಕ್ಕಿಂತ ಸುಮಾರು 173 ಡಿಗ್ರಿ ಕೆಳಗಿನ ಮಟ್ಟ ತಲುಪಿದಾಗ ನೀರಿನ ಹಿಮವೂ ಆವಿಯಾಗುತ್ತದೆ. ಅದರಲ್ಲಿ ಹುದುಗಿದ್ದ ಮಿಥೆನಾಲ್ ಮತ್ತಿತರ ಅಣುಗಳೆಲ್ಲ ಒಟ್ಟಿಗೆ ಹೊರಬರುತ್ತವೆ. ನಮ್ಮ ರೇಡಿಯೊ ದೂರದರ್ಶಕದಲ್ಲಿ ಒಮ್ಮೆಲೇ ನೂರಾರು ಬಗೆಯ ತರಂಗಗಳು ಕಾಣುತ್ತವೆ. ಇದೇ ಒಗ್ಗರಣೆಯ ಘಮ! ಒಳಗೆ ಭಾರಿ ನಕ್ಷತ್ರ ಹೊತ್ತಿಕೊಂಡಿದೆ ಎಂದು ಅರ್ಥ.

ಈ ಹಂತದ ಮೋಡದ ನಡುಭಾಗವನ್ನು ವಿಜ್ಞಾನಿಗಳು ಬಿಸಿ ತಿರುಳು ಎನ್ನುತ್ತಾರೆ. ಶೂನ್ಯಕ್ಕಿಂತ ನೂರೆಪ್ಪತ್ತು ಡಿಗ್ರಿ ಕೆಳಗೆ ಇದ್ದರೂ ಬಿಸಿಯೆ ಎಂದು ನಗಬೇಡಿ. ಸುತ್ತಲಿನ ಚಳಿಗೆ ಹೋಲಿಸಿದರೆ ಅದು ಬಿಸಿಯೇ. ಮಹಾವ್ಯಾಧದ ಮೋಡದಲ್ಲಿ ಹೀಗೆ ನೂರಾರು ತರಂಗಗಳನ್ನು ಕಳಿಸುವ ಒಂದು ಜಾಗವನ್ನು ವಿಜ್ಞಾನಿಗಳು ದಶಕಗಳಿಂದ ಅಧ್ಯಯನ ಮಾಡುತ್ತಿದ್ದಾರೆ.

ಏಟು ಬಿದ್ದ ಗುರುತು, ಉರಿಯುವ ದೀಪ

ಇನ್ನೆರಡು ಅಣುಗಳ ಮಾತು ಕೇಳಿ. ಸಿಲಿಕಾನ್ ಎಂಬ ಧಾತು ನಮ್ಮ ಹೊಳೆ ಮರಳಿನಲ್ಲಿದೆ. ಮೋಡದ ದೂಳಿನಲ್ಲೂ ಅದು ಗಟ್ಟಿಯಾಗಿ ಕೂಡಿಕೊಂಡಿರುತ್ತದೆ. ಹುಟ್ಟುವ ನಕ್ಷತ್ರ ತನ್ನ ಎರಡು ಧ್ರುವಗಳ ಕಡೆಯಿಂದ ಅನಿಲವನ್ನು ಕಾರಂಜಿಯಂತೆ ಚಿಮ್ಮಿಸುತ್ತದೆ. ಆ ಕಾರಂಜಿ ಮೋಡಕ್ಕೆ ಬಡಿದಾಗ ದೂಳಿನ ಕಣಗಳು ಪುಡಿಯಾಗುತ್ತವೆ. ಸಿಲಿಕಾನ್ ಹೊರಬಂದು ಆಮ್ಲಜನಕದೊಂದಿಗೆ ಸೇರಿ ಸಿಲಿಕಾನ್ ಮಾನಾಕ್ಸೈಡ್ ಆಗುತ್ತದೆ. ಅದರ ತರಂಗ ಪ್ರಬಲವಾಗಿ ಬಂದರೆ, ಅಲ್ಲಿ ಜೋರು ಏಟು ಬಿದ್ದಿದೆ ಎಂದು ತಿಳಿಯಬಹುದು.

ಮಿಥೆನಾಲ್‌ಗೆ ಇನ್ನೊಂದು ಚಮತ್ಕಾರ ಗೊತ್ತು. ಭಾರಿ ನಕ್ಷತ್ರದ ಮಗ್ಗುಲಲ್ಲಿ ಅದರ 6,668 ಮೆಗಾಹರ್ಟ್ಸ್ ತರಂಗ ತನ್ನಂತಾನೇ ಹಿಗ್ಗಿ ಬಹಳ ಪ್ರಬಲವಾಗುತ್ತದೆ. ಇದನ್ನು ಮೇಸರ್ ಎನ್ನುತ್ತಾರೆ. ಅಮೋನಿಯವನ್ನು ಪತ್ತೆ ಮಾಡಿದ ಟೌನ್ಸ್ ಅವರಿಗೆ 1964ರಲ್ಲಿ ನೊಬೆಲ್ ಬಹುಮಾನ ಬಂದದ್ದು ಮೇಸರ್ ಮತ್ತು ಲೇಸರ್‌ಗಳಿಗೆ ಸಂಬಂಧಿಸಿದ ಕೆಲಸಕ್ಕಾಗಿಯೇ. ಆಕಾಶದಲ್ಲಿ 6,668 ಮೆಗಾಹರ್ಟ್ಸ್‌ನ ಈ ಮೇಸರ್ ಕಂಡುಬಂದದ್ದು 1991ರಲ್ಲಿ. ಸೂರ್ಯನಂಥ ಸಾಧಾರಣ ನಕ್ಷತ್ರಗಳು ಹುಟ್ಟುವ ಜಾಗದಲ್ಲಿ ಇದು ಸಿಗುವುದಿಲ್ಲ. ಭಾರಿ ನಕ್ಷತ್ರ ಹುಟ್ಟುತ್ತಿರುವ ಮನೆಯ ಮುಂದೆ ಹಚ್ಚಿಟ್ಟ ದೀಪ ಇದ್ದ ಹಾಗೆ ಇದು.

ಕೊನೆಗೆ ನಕ್ಷತ್ರದ ತೀಕ್ಷ್ಣ ಕಿರಣಗಳು ಹತ್ತಿರದ ಅಣುಗಳನ್ನೆಲ್ಲ ಒಡೆದು, ಮೋಡವನ್ನು ಚದುರಿಸಿ, ಅನಿಲವನ್ನು ಬೆಳಗಿಸುತ್ತವೆ. ಆಗ ಮಾತ್ರ ಅದು ನಮ್ಮ ಕಣ್ಣಿಗೆ ಕಾಣುತ್ತದೆ.

ಇನ್ನೂ ಬಿಡಿಸದ ಒಗಟು

ಇಷ್ಟೆಲ್ಲ ತಿಳಿದ ಮೇಲೂ ಒಂದು ಪ್ರಶ್ನೆ ಉಳಿದಿದೆ. ಬೆಳಕು ವಸ್ತುಗಳನ್ನು ತಳ್ಳುತ್ತದೆ. ಟಾರ್ಚಿನ ಬೆಳಕು ತಳ್ಳುವುದು ನಮಗೆ ತಿಳಿಯದಷ್ಟು ಅಲ್ಪ. ಭಾರಿ ನಕ್ಷತ್ರದ ಬೆಳಕು ಮಾತ್ರ ಒಳಗೆ ಬೀಳುತ್ತಿರುವ ಅನಿಲ, ದೂಳನ್ನು ಹಿಂದಕ್ಕೆ ತಳ್ಳಬಲ್ಲದು. ಹಾಗಿದ್ದರೆ ಅದು ಅಷ್ಟು ದ್ರವ್ಯವನ್ನು ಹೇಗೆ ಕೂಡಿಹಾಕಿತು?

ಎರಡು ಉತ್ತರಗಳಿವೆ. ಮೊದಲೇ ಒಂದು ದೊಡ್ಡ ಉಂಡೆ ಸೇರಿ, ಆಮೇಲೆ ಅದೇ ಕುಸಿದು ನಕ್ಷತ್ರವಾಗುತ್ತದೆ ಎಂಬುದು ಒಂದು. ಮೊದಲು ಚಿಕ್ಕ ಕುಡಿ ಹುಟ್ಟಿ, ದೂರದಿಂದ ಅನಿಲ ಹರಿದು ಬಂದು ಅದನ್ನು ಬೆಳೆಸುತ್ತದೆ ಎಂಬುದು ಇನ್ನೊಂದು. ಹಲವು ಹಳ್ಳಗಳು ಬಂದು ಕೆರೆ ತುಂಬಿಸುವುದಿಲ್ಲವೆ, ಹಾಗೆ.

ಇದನ್ನು ಪರೀಕ್ಷಿಸಲು ಅನಿಲ ಯಾವ ಕಡೆಗೆ ಹರಿಯುತ್ತಿದೆ ಎಂದು ತಿಳಿಯಬೇಕು. ಅದಕ್ಕೂ ಅಣುಗಳೇ ದಾರಿ ತೋರಿಸುತ್ತವೆ. ರಸ್ತೆಯಲ್ಲಿ ಲಾರಿ ಹಾರನ್ ಹೊಡೆಯುತ್ತಾ ಹತ್ತಿರ ಬರುವಾಗ ಸದ್ದು ಕೀಚಲಾಗಿ, ದಾಟಿ ದೂರ ಹೋಗುವಾಗ ಗಡುಸಾಗಿ ಕೇಳಿಸುತ್ತದೆ. ಅಣುಗಳ ತರಂಗವೂ ಹೀಗೆಯೇ. ನಮ್ಮ ಕಡೆಗೆ ಬರುವ ಅನಿಲದ ತರಂಗದ ಅಂಕಿ ಸ್ವಲ್ಪ ಏರುತ್ತದೆ, ದೂರ ಹೋಗುವುದರ ಅಂಕಿ ಸ್ವಲ್ಪ ಇಳಿಯುತ್ತದೆ.

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಅಟಕಾಮ ಎಂಬ ಮರುಭೂಮಿ ಇದೆ. ಅಲ್ಲಿ ಸಮುದ್ರಮಟ್ಟದಿಂದ ಸುಮಾರು 5,000 ಮೀಟರ್ ಎತ್ತರದಲ್ಲಿ ಆಲ್ಮಾ ಎಂಬ ದೂರದರ್ಶಕ ಸಮೂಹ ಇದೆ. 66 ತಟ್ಟೆಗಳು ಸೇರಿ ಒಂದೇ ಕಣ್ಣಿನಂತೆ ಕೆಲಸ ಮಾಡುತ್ತವೆ. ಗಾಳಿಯಲ್ಲಿನ ನೀರಾವಿ ಅಣುಗಳ ತರಂಗವನ್ನು ಹೀರಿಬಿಡುತ್ತದೆ. ಅದಕ್ಕೇ ಅಷ್ಟು ಎತ್ತರದ ಒಣ ಜಾಗವನ್ನು ಆರಿಸಿದ್ದಾರೆ. ಆಲ್ಮಾ 2013ರಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಒಂದು ಸುದ್ದಿ ಬಂತು. ಸುಮಾರು 11,000 ಜ್ಯೋತಿರ್ವರ್ಷ ದೂರದ ಒಂದು ಕಪ್ಪು ಮೋಡವನ್ನು ವಿಜ್ಞಾನಿಗಳು ಎನ್-ಟು-ಎಚ್ ತರಂಗದಲ್ಲಿ ನೋಡಿದ್ದರು. ಮೋಡದ ತುಂಬ ಎಳೆಎಳೆಯಾದ ಅನಿಲ ಕಂಡಿತು. ಆ ಎಳೆಗಳಲ್ಲಿ ಅನಿಲ ನಡುವಿನ ಕಡೆಗೆ ಹರಿಯುತ್ತಿರುವ ಸುಳಿವು ಸಿಕ್ಕಿತು. ನಡುವೆ ಸೂರ್ಯನ 500 ಪಟ್ಟಿಗೂ ಹೆಚ್ಚು ದ್ರವ್ಯದ ಉಂಡೆ ಸೇರಿತ್ತು. ಹಳ್ಳಗಳು ಸೇರಿ ಕೆರೆ ತುಂಬುವ ಉತ್ತರಕ್ಕೆ ಇದು ಬಲ ಕೊಟ್ಟಿತು. ಆದರೆ ಎಲ್ಲ ಭಾರಿ ನಕ್ಷತ್ರಗಳೂ ಹೀಗೆಯೇ ಹುಟ್ಟುತ್ತವೆಯೇ ಎಂಬ ಚರ್ಚೆ ಮುಗಿದಿಲ್ಲ. ನಕ್ಷತ್ರ ಇನ್ನೂ ಹೊತ್ತಿಕೊಳ್ಳದ ದೊಡ್ಡ, ತಣ್ಣನೆಯ ಉಂಡೆಗಳನ್ನು ವಿಜ್ಞಾನಿಗಳು ಹುಡುಕುತ್ತಲೇ ಇದ್ದಾರೆ. ಮುಂದೆ ನಿಮ್ಮಲ್ಲಿ ಯಾರಾದರೂ ಈ ಹುಡುಕಾಟಕ್ಕೆ ಸೇರಬಹುದು.

ಮಾಡಿ ನೋಡಿ

ಚಳಿಗಾಲದ ಬೆಳಿಗ್ಗೆ ಮೂರು ಸಣ್ಣ ಸ್ಟೀಲ್ ಬಟ್ಟಲು ತೆಗೆದುಕೊಳ್ಳಿ. ಒಂದರಲ್ಲಿ ಗಟ್ಟಿಯಾದ ಕೊಬ್ಬರಿ ಎಣ್ಣೆ, ಒಂದರಲ್ಲಿ ಗಟ್ಟಿ ತುಪ್ಪ, ಇನ್ನೊಂದರಲ್ಲಿ ಮೇಣದಬತ್ತಿಯ ಚೂರು ಹಾಕಿ. ಮೂರನ್ನೂ ಅಗಲವಾದ ಪಾತ್ರೆಯ ತಣ್ಣೀರಿನಲ್ಲಿ ನಿಲ್ಲಿಸಿ. ಬಟ್ಟಲೊಳಗೆ ನೀರು ಹೋಗದಿರಲಿ. ಈಗ ಪಾತ್ರೆಗೆ ಸ್ವಲ್ಪ ಸ್ವಲ್ಪವೇ ಬಿಸಿನೀರು ಸೇರಿಸುತ್ತಾ ಬನ್ನಿ. ಬಿಸಿನೀರನ್ನು ಶಿಕ್ಷಕರು ಅಥವಾ ಮನೆಯ ಹಿರಿಯರೇ ಹಾಕಲಿ.

ಯಾವುದು ಮೊದಲು ಕರಗಿತು? ಯಾವುದು ಕೊನೆಗೆ? ಈಗ ಪಕ್ಕದವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ. ಎಣ್ಣೆ ಕರಗಿದೆ, ಮೇಣ ಕರಗಿಲ್ಲ ಎಂದಷ್ಟೇ ತಿಳಿಸಿ. ನೀರು ಹೆಚ್ಚು ಬಿಸಿಯೇ, ಕಡಿಮೆ ಬಿಸಿಯೇ ಎಂದು ಅವರು ಹೇಳಬಲ್ಲರೆ? ಹೇಳಬಲ್ಲರಾದರೆ, ಅವರು ವಿಜ್ಞಾನಿಗಳಂತೆಯೇ ಸುಳಿವು ಓದಿದ್ದಾರೆ.

ಅದೇ ದಿನ ರಾತ್ರಿ ಊಟವಾದ ಮೇಲೆ ಹೊರಗೆ ಬನ್ನಿ. ಜನವರಿಯಲ್ಲಾದರೆ ಎಂಟು ಗಂಟೆಯ ಹೊತ್ತಿಗೆ ಪೂರ್ವದ ಕಡೆ ತಲೆ ಎತ್ತಿ. ಒಂದೇ ಸಾಲಿನಲ್ಲಿ ಮೂರು ನಕ್ಷತ್ರಗಳು ಕಾಣುತ್ತವೆ. ಅದು ಮಹಾವ್ಯಾಧನ ನಡುಪಟ್ಟಿ. ಅದರ ಎಡಕ್ಕೆ ಕೆಂಪಗೆ ಇರುವುದು ಆರ್ದ್ರಾ. ನಡುಪಟ್ಟಿಯಿಂದ ತುಸು ಬಲಕ್ಕೆ, ದಕ್ಷಿಣದ ಕಡೆ, ಮಂಕಾದ ಮೂರು ಚುಕ್ಕೆಗಳು ಕಾಣುತ್ತವೆ. ಅವುಗಳಲ್ಲಿ ನಡುವಿನದು ಮಸುಕು ಮಸುಕಾಗಿದೆಯಲ್ಲವೆ? ಅದು ಮಹಾವ್ಯಾಧ ನೀಹಾರಿಕೆ. ಹೊಸದಾಗಿ ಹುಟ್ಟಿದ ಭಾರಿ ನಕ್ಷತ್ರಗಳು ಅದನ್ನು ಬೆಳಗಿಸಿವೆ. ಅದರ ಹಿಂದೆ ಕಪ್ಪು ಮೋಡ ಇದೆ. ಅದು ನಿಮಗೆ ಕಾಣುವುದಿಲ್ಲ. ಆದರೆ ಅಲ್ಲಿ ಅಡುಗೆ ಇನ್ನೂ ನಡೆಯುತ್ತಲೇ ಇದೆ.

ಉತ್ತರಿಸಿ

1. ಜಲಜನಕದ ಅಣು ಎಲ್ಲಕ್ಕಿಂತ ಹೆಚ್ಚಾಗಿದ್ದರೂ ವಿಜ್ಞಾನಿಗಳು ಕಾರ್ಬನ್ ಮಾನಾಕ್ಸೈಡನ್ನು ಏಕೆ ಹುಡುಕುತ್ತಾರೆ?

2. ಒಂದು ಮೋಡದಲ್ಲಿ ಎನ್-ಟು-ಎಚ್ ಹೆಚ್ಚಾಗಿದೆ, ಮಿಥೆನಾಲ್ ಬಹಳ ಕಡಿಮೆ ಇದೆ. ಇನ್ನೊಂದರಲ್ಲಿ ಮಿಥೆನಾಲ್ ಬಹಳ ಹೆಚ್ಚಾಗಿದೆ. ಯಾವ ಮೋಡದಲ್ಲಿ ನಕ್ಷತ್ರ ಹೊತ್ತಿಕೊಂಡಿದೆ? ಕಾರಣ ಬರೆಯಿರಿ.

3. ಆಲ್ಮಾ ದೂರದರ್ಶಕವನ್ನು ಸಮುದ್ರ ತೀರದಲ್ಲಿ ಕಟ್ಟಿದ್ದರೆ ಏನಾಗುತ್ತಿತ್ತು? ಗೆಳೆಯರೊಂದಿಗೆ ಚರ್ಚಿಸಿ.